ಬೆರೆಯದ ಎರಡು ದ್ರವಗಳ ನಡುವೆ ಅಯಾನು ‘ವರ್ಗಾವಣೆ’ ಆಗುತ್ತದೆಯೋ, ‘ದಾಟುತ್ತದೆ’ಯೋ?

ಎಲ್ಲರಿಗೂ ನಮಸ್ಕಾರ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳು ತಾಗಿ ನಿಂತಿರುವಾಗ ಅವುಗಳ ನಡುವೆ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಹೊತ್ತ ಅಣು-ಪರಮಾಣುಗಳು, ಹೇಗೆ ಹೋಗಿಬರುತ್ತವೆ ಅನ್ನುವುದರ ಬಗ್ಗೆ ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ನಾಲ್ಕೈದು ಪದಗಳ ಹತ್ತಿರ ಕೆಲಸ ನಿಂತುಬಿಟ್ಟಿದೆ. ನಿಘಂಟಿನಲ್ಲಿ ಪದ ಇಲ್ಲ ಅಂತಲ್ಲ, ಇದೆ. ಆದರೆ ಆ ಪದ ಹಾಕಿದರೆ ಓದುವವರ ತಲೆಯಲ್ಲಿ ತಪ್ಪು ಚಿತ್ರ ಮೂಡುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಮೊದಲು ವಿಷಯ ಹೇಳಿ ಆಮೇಲೆ ಕೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಒಂದು ಗಾಜಿನ ಪಾತ್ರೆ ಅಂದುಕೊಳ್ಳಿ. ಕೆಳಗೆ ನೈಟ್ರೊಬೆಂಜೀನ್, ಮೇಲೆ ನೀರು. ನೀರಿನಲ್ಲಿ ಲಿಥಿಯಂ ಕ್ಲೋರೈಡ್ ಕರಗಿದೆ. ಕೆಳಗಿನ ದ್ರವದಲ್ಲಿ ಕರಗಿರುವುದು ದೊಡ್ಡ ದೊಡ್ಡ ಅಯಾನುಗಳ ಉಪ್ಪು, ಟೆಟ್ರಾಬ್ಯೂಟೈಲ್ ಅಮೋನಿಯಂ ಟೆಟ್ರಾಫಿನೈಲ್ ಬೋರೇಟ್ ಥರದ್ದು. ಎರಡೂ ಕಡೆ ಎಲೆಕ್ಟ್ರೋಡುಗಳನ್ನು ಇಳಿಬಿಟ್ಟು, ಎರಡು ದ್ರವಗಳ ನಡುವಿನ ವಿಭವಾಂತರವನ್ನು (ವೋಲ್ಟೇಜನ್ನು) ಹೊರಗಿನಿಂದ ನಿಧಾನವಾಗಿ ಬದಲಿಸುತ್ತಾ ಹೋಗುತ್ತೇವೆ. ಈಗ ನೀರಿಗೆ ಒಂದಿಷ್ಟು ಟೆಟ್ರಾಮೀಥೈಲ್ ಅಮೋನಿಯಂ ಉಪ್ಪು ಸೇರಿಸಿದರೆ, ಒಂದು ನಿರ್ದಿಷ್ಟ ವಿಭವದ ಆಸುಪಾಸಿನಲ್ಲಿ ಆ ಧನ ಅಯಾನು ನೀರು ಬಿಟ್ಟು ಕೆಳಗಿನ ದ್ರವಕ್ಕೆ ಹೋಗತೊಡಗುತ್ತದೆ. ಮೀಟರಿನಲ್ಲಿ ವಿದ್ಯುತ್ ಕಾಣುತ್ತದೆ. ವಿಭವವನ್ನು ಹಿಂದಕ್ಕೆ ತಂದರೆ ಅಯಾನು ವಾಪಸ್ ಬರುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಎರಡು ದ್ರವಗಳು ಕೂಡುವ ಜಾಗದಲ್ಲಿ ಎಲೆಕ್ಟ್ರಾನ್ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅಯಾನು ಹೇಗಿತ್ತೋ ಹಾಗೇ ಆಚೆ ಹೋಗುತ್ತದೆ, ಅದೇ ಆವೇಶ ಹೊತ್ತುಕೊಂಡು. ಬದಲಾಗುವುದು ಅದರ ಸುತ್ತಲಿನ ಅಣುಗಳು ಮಾತ್ರ: ಈಚೆ ನೀರಿನ ಅಣುಗಳು ಸುತ್ತುವರಿದಿದ್ದವು, ಆಚೆ ನೈಟ್ರೊಬೆಂಜೀನಿನವು. ಸೋಡಿಯಂ, ಲಿಥಿಯಂ ಥರದ ಚಿಕ್ಕ ಅಯಾನುಗಳಾದರೆ ಕೆಲವು ನೀರಿನ ಅಣುಗಳನ್ನು ಜೊತೆಗೇ ಎಳೆದುಕೊಂಡು ಹೋಗುವುದೂ ಉಂಟು.

ಈ ಘಟನೆಗೆ ನಾನು ನೋಡಿದ ಕನ್ನಡ ಟಿಪ್ಪಣಿಗಳಲ್ಲೆಲ್ಲ ‘ಅಯಾನು ವರ್ಗಾವಣೆ’ ಅಂತಲೇ ಇದೆ. ವ್ಯಾಕರಣದ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಅದೇ ಟಿಪ್ಪಣಿಗಳಲ್ಲಿ ‘ಎಲೆಕ್ಟ್ರಾನ್ ವರ್ಗಾವಣೆ’ ಅನ್ನುವುದೂ ಇದೆ, ಅಲ್ವಾ? ಲೋಹದ ಎಲೆಕ್ಟ್ರೋಡಿನ ಹತ್ತಿರ ನಡೆಯುವುದು ಅದು. ಅಲ್ಲಿ ಕಬ್ಬಿಣದ ಅಯಾನು ಮೂರು ಆವೇಶದಿಂದ ಎರಡಕ್ಕೆ ಇಳಿಯುತ್ತದೆ, ಅಂದರೆ ಅಯಾನೇ ಬದಲಾಗುತ್ತದೆ. ಎರಡಕ್ಕೂ ಒಂದೇ ಪದ ಹಾಕಿದಾಗ ವಿದ್ಯಾರ್ಥಿ ಮಾಡುವುದೇನು? ಗೊತ್ತಿರುವ ಎಲೆಕ್ಟ್ರಾನ್ ಕತೆಯನ್ನೇ ಇಲ್ಲಿಗೂ ಅಂಟಿಸುತ್ತಾನೆ. ‘ಸೋಡಿಯಂ ಅಯಾನು ನೈಟ್ರೊಬೆಂಜೀನಿನಲ್ಲಿ ಅಪಕರ್ಷಣಗೊಂಡಿತು’, ಅಂದರೆ ಎಲೆಕ್ಟ್ರಾನ್ ಪಡೆಯಿತು, ಅಂತ ಬರೆದ ಉತ್ತರಗಳನ್ನು ನಾನೇ ನೋಡಿದ್ದೇನೆ. ಅಪಕರ್ಷಣ ಇಲ್ಲಿ ಎಲ್ಲಿಂದ ಬಂತು? ನಾವು ಕೊಟ್ಟ ಪದದಿಂದ ಬಂತು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ, ಅದು ಪದದ ತಪ್ಪಲ್ಲ. ವಿಭವವನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿ ವಿದ್ಯುತ್ತಿನ ನಕ್ಷೆ ಬಿಡಿಸಿದರೆ ಸಿಗುವ ಗೆರೆ ಅಯಾನಿನ ಘಟನೆಯಲ್ಲೂ ಎಲೆಕ್ಟ್ರಾನಿನ ಘಟನೆಯಲ್ಲೂ ಒಂದೇ ಥರ ಕಾಣುತ್ತದೆ. ಒಂದು ಆವೇಶದ ಅಯಾನು ಸಲೀಸಾಗಿ ಹೋಗಿಬಂದರೆ, ಹೋಗುವಾಗಿನ ಶಿಖರಕ್ಕೂ ಬರುವಾಗಿನ ಶಿಖರಕ್ಕೂ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 59 ಮಿಲಿವೋಲ್ಟ್ ಅಂತರ. ಒಂದು ಎಲೆಕ್ಟ್ರಾನಿನ ಉತ್ಕರ್ಷಣ-ಅಪಕರ್ಷಣದಲ್ಲೂ ಇಷ್ಟೇ. ಗಣಿತ ಒಂದೇ, ವಿಭವಕ್ಕೂ ಪ್ರಮಾಣಕ್ಕೂ ಇರುವ ನಂಟು ಹೇಳುವ ನರ್ನ್ಸ್ಟ್ ಸಮೀಕರಣವೂ ಒಂದೇ. ನಕ್ಷೆ ನೋಡಿ ವ್ಯತ್ಯಾಸ ಹೇಳಲು ಆಗುವುದಿಲ್ಲ ಅಂದ ಮೇಲೆ ಅದನ್ನು ಹೇಳುವ ಕೆಲಸ ಪೂರ್ತಿ ಮಾತಿನ ಮೇಲೆ ಬೀಳುತ್ತದೆ.

ಹಾಗಾಗಿ ನನ್ನ ಸಲಹೆ ಇದು. ಎಲೆಕ್ಟ್ರಾನಿಗೆ ‘ವರ್ಗಾವಣೆ’ ಇರಲಿ. ಅದು ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ಹೋಗುವಂಥದ್ದು, ಪದ ಹೊಂದುತ್ತದೆ. ಅಯಾನಿಗೆ ‘ದಾಟು’ ಅನ್ನೋಣ. ಅಯಾನು ದಾಟಿತು, ಅಯಾನಿನ ದಾಟುವಿಕೆ, ದಾಟುವ ವಿಭವ. ದಾಟುವವನು ಈಚೆಗೂ ಅವನೇ, ಆಚೆಗೂ ಅವನೇ ಅನ್ನುವುದು ಆ ಕ್ರಿಯಾಪದದ ಒಳಗೇ ಇದೆ, ನಾವು ಬೇರೆ ವಿವರಿಸಬೇಕಿಲ್ಲ. ‘ನುಸುಳು’ ಅಂತ ಒಬ್ಬರು ಹೇಳಿದರು. ಅದರಲ್ಲಿ ಕದ್ದು ಹೋಗುವ ಛಾಯೆಯಿದೆ, ಜೊತೆಗೆ ಸಂದಿ ಇದ್ದರೆ ತಾನೇ ನುಸುಳುವುದು? ಇಲ್ಲಿ ಸಂದಿಯೂ ಇಲ್ಲ, ಗೋಡೆಯೂ ಇಲ್ಲ. ‘ಹಾಯು’ ಚೆನ್ನಾಗಿದೆ, ಆದರೆ ಈಗಿನ ಹುಡುಗರಿಗೆ ‘ಹಾಯ್ದು’ ಅನ್ನುವ ರೂಪ ಬಿಟ್ಟರೆ ಉಳಿದವು ಅಷ್ಟು ಪರಿಚಯ ಇಲ್ಲ.

ಈ ವ್ಯತ್ಯಾಸ ಯಾಕೆ ಅಷ್ಟು ಮುಖ್ಯ ಅಂದರೆ, ಇದೇ ಪಾತ್ರೆಯಲ್ಲಿ ಎಲೆಕ್ಟ್ರಾನ್ ವರ್ಗಾವಣೆಯೂ ನಡೆಯಬಹುದು. ಕೆಳಗಿನ ದ್ರವದಲ್ಲಿ ಫೆರೋಸೀನ್, ನೀರಿನಲ್ಲಿ ಫೆರಿಸಯನೈಡ್ (ಎರಡೂ ಕಬ್ಬಿಣದ ಸಂಯುಕ್ತಗಳು) ಇಟ್ಟರೆ, ಎರಡೂ ತಮ್ಮ ತಮ್ಮ ದ್ರವದಲ್ಲೇ ಇದ್ದು ಎಲೆಕ್ಟ್ರಾನನ್ನು ಮಾತ್ರ ಕೊಟ್ಟು ತೆಗೆದುಕೊಳ್ಳುತ್ತವೆ. 1970ರ ದಶಕದ ಕೊನೆಯಲ್ಲಿ ಪ್ರಾಗ್‌ನಲ್ಲಿ ಝ್ಡೆನೆಕ್ ಸಮೆತ್ಸ್ ಮತ್ತು ಜೊತೆಗಾರರು ಇದನ್ನು ಅಳೆದಿದ್ದಾರೆ. ಒಂದೇ ವಾಕ್ಯದಲ್ಲಿ ‘ಇಲ್ಲಿ ಎಲೆಕ್ಟ್ರಾನ್ ವರ್ಗಾವಣೆಯಾದ ಮೇಲೆ ಫೆರೋಸೀನಿಯಂ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಫೆರೋಸೀನ್) ನೀರಿಗೆ ದಾಟಲೂಬಹುದು’ ಅಂತ ಬರೆಯಬೇಕಾಗುತ್ತದೆ. ಎರಡೂ ಕಡೆ ವರ್ಗಾವಣೆ ಅಂತ ಹಾಕಿ ಓದಿ ನೋಡಿ, ಯಾವುದು ಯಾವುದು ಅಂತ ತಿಳಿಯುವುದಿಲ್ಲ.

‘ಸಾಗಣೆ’ಯನ್ನು ನಾನು ಇದಕ್ಕೆ ಬಳಸುತ್ತಿಲ್ಲ. ಅಯಾನು ದ್ರವದ ಒಳಗೇ, ಎರಡು ದ್ರವಗಳು ಕೂಡುವ ಗಡಿಯವರೆಗೆ ಬರುವುದಿದೆಯಲ್ಲ, ಅದು ಸಾಗಣೆ. ಅದರಲ್ಲೂ ಬಗೆಗಳಿವೆ. ಜಾಸ್ತಿ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಡಿಕೊಳ್ಳುವುದು ವಿಸರಣೆ. ವಿದ್ಯುತ್ ಕ್ಷೇತ್ರ ಎಳೆದತ್ತ ಹೋಗುವುದು ವಲಸೆ. ದ್ರವವೇ ಕದಲಿ ಒಯ್ಯುವುದಕ್ಕೆ ಶಾಲೆಯ ಪುಸ್ತಕದಲ್ಲಿ ಸಂವಹನ ಅಂತಿದೆ. ಆದರೆ ಇವತ್ತು ಸಂವಹನ ಅಂದರೆ ಎಲ್ಲರಿಗೂ ಮಾತುಕತೆ, ಹಾಗಾಗಿ ನಾನು ‘ದ್ರವದ ಹರಿವು’ ಅಂತಷ್ಟೇ ಬರೆದಿದ್ದೇನೆ. ಎರಡೂ ಕಡೆ ಬೇರೆ ಉಪ್ಪನ್ನು ಧಾರಾಳವಾಗಿ ಕರಗಿಸಿ ಇಡುವುದು ವಲಸೆಯ ಪಾಲನ್ನು ತಗ್ಗಿಸಲಿಕ್ಕೆ. ಆಗ ನಾವು ಗಮನಿಸುವ ಅಯಾನು ಗಡಿಯ ಹತ್ತಿರ ಬರುವುದು ಬಹುಮಟ್ಟಿಗೆ ವಿಸರಣೆಯಿಂದಲೇ. ನಕ್ಷೆಯ ಆ ಶಿಖರದ ಆಕಾರ ಬರುವುದೂ ವಿಸರಣೆಯಿಂದ, ದಾಟುವುದು ಕಷ್ಟ ಅಂತ ಅಲ್ಲ.

ಈಗ ಎರಡನೆಯದು, ಆ ‘ಗಡಿ’. ಇದಕ್ಕೆ ಅಂತರಪೃಷ್ಠ, ಸಂಧಿತಲ, ಸಂಪರ್ಕತಲ ಅಂತೆಲ್ಲ ಇದೆ. ‘ತಲ’ವನ್ನು ಅರ್ಧ ಜನ ‘ತಳ’ ಅಂತ ಓದುತ್ತಾರೆ, ಅಚ್ಚಿನಲ್ಲೂ ಹಾಗೇ ಆಗಿಬಿಡುತ್ತದೆ. ಆಗ ಪಾತ್ರೆಯ ಅಡಿಭಾಗದ ಬಗ್ಗೆ ಮಾತಾಡುತ್ತಿದ್ದೇವೆ ಅನ್ನಿಸುತ್ತದೆ. ಕೆಲವರು ‘ಮೇಲ್ಮೈ’ ಅಂದುಬಿಡುತ್ತಾರೆ. ಅದು ಸಾಲದು, ಯಾಕೆಂದರೆ ಈ ಪಾತ್ರೆಯಲ್ಲಿ ಮೇಲ್ಮೈ ಬೇರೆಯೇ ಇದೆ, ನೀರು ಗಾಳಿಗೆ ತಾಗುವ ಜಾಗ. ಅಲ್ಲಿನ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ನೀರು-ನೈಟ್ರೊಬೆಂಜೀನ್ ನಡುವೆ ಅದು ಸುಮಾರು 25 ಅಷ್ಟೇ, ಮತ್ತು ವಿಭವ ಬದಲಿಸಿದಂತೆ ಅದೂ ಬದಲಾಗುತ್ತದೆ. ಎರಡನ್ನೂ ‘ಮೇಲ್ಮೈ ಎಳೆತ’ ಅಂದರೆ ಹೇಗೆ?

‘ಪೊರೆ’ ಅನ್ನುವುದು ಇನ್ನೂ ಜಾಸ್ತಿ ತೊಂದರೆ. ಓದುವುದಕ್ಕೆ ಎಷ್ಟು ಹಿತವಾಗಿದೆ ಅಂದರೆ ಮೊದಲ ಕರಡಿನಲ್ಲಿ ಅದೇ ಬರುತ್ತದೆ. ಆದರೆ ಪೊರೆ ಅಂದರೆ ಅಲ್ಲೊಂದು ವಸ್ತು ಇರಬೇಕು, ಅದಕ್ಕೆ ಎರಡು ಮುಖ ಇರಬೇಕು. ಇಲ್ಲಿ ಮೂರನೆಯ ವಸ್ತುವೇ ಇಲ್ಲ. ನೀರು ಮುಗಿಯುವಲ್ಲಿ ಇನ್ನೊಂದು ದ್ರವ ಶುರುವಾಗುತ್ತದೆ, ನಡುವಿನ ಬದಲಾವಣೆ ಒಂದು ನ್ಯಾನೊಮೀಟರಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಅದೂ ನಿಂತಲ್ಲಿ ನಿಲ್ಲುವುದಿಲ್ಲ, ಅಣುಗಳ ಮಟ್ಟದಲ್ಲಿ ಸದಾ ಅಲೆಯಾಡುತ್ತಿರುತ್ತದೆ. ನಿಜವಾದ ಪೊರೆಗೂ ಈ ವಿಷಯಕ್ಕೂ ಹಳೆಯ ನಂಟಿದೆ ಅನ್ನುವುದು ಸರಿ. 1902ರಲ್ಲಿ ನರ್ನ್ಸ್ಟ್ ಮತ್ತು ರೀಸನ್‌ಫೆಲ್ಡ್ ನೀರು-ಫೀನಾಲ್-ನೀರು ಹೀಗೆ ಮೂರು ಪದರಗಳ ಮೂಲಕ ವಿದ್ಯುತ್ ಹಾಯಿಸಿ ನೋಡಿದರು. 1906ರಲ್ಲಿ ಮ್ಯಾಕ್ಸ್ ಕ್ರೆಮರ್ ಇಂಥ ಜೋಡಣೆಗೂ ಜೀವಿಗಳ ಪೊರೆಗೂ ಹೋಲಿಕೆ ಇದೆ ಅಂತ ತೋರಿಸಿದರು. ಆದರೆ ಗಮನಿಸಿ, ಆ ಜೋಡಣೆಯಲ್ಲಿ ಪೊರೆ ಅನ್ನಬಹುದಾದ್ದು ನಡುವಿನ ಫೀನಾಲ್ ಪದರ, ಅದಕ್ಕೆ ಎರಡೂ ಬದಿಯಲ್ಲಿ ಗಡಿಗಳು. ಗಡಿಯನ್ನೇ ಪೊರೆ ಅಂದುಬಿಟ್ಟರೆ ನಿಜವಾದ ದ್ರವಪೊರೆಗೆ ಪದ ಎಲ್ಲಿಂದ ತರುವುದು?

ಮೇಲ್ಮೈ ಇರುವ ಹಾಗೆ ‘ನಡುಮೈ’ ಅನ್ನಬಹುದಾ ಅಂತ ಯೋಚಿಸಿದೆ. ಕಿವಿಗೆ ಚೆನ್ನಾಗಿದೆ, ಎಳೆತದ ಜೊತೆಗೂ ಕೂಡುತ್ತದೆ: ನಡುಮೈ ಎಳೆತ. ಒಂದೇ ಹಿಂಜರಿಕೆ, ನಡು ಅಂದರೆ ಸೊಂಟ ಅಂತಲೂ ಇದೆ. ‘ಗಡಿಮೈ’ ಅಂದರೆ ಆ ತೊಂದರೆ ಇಲ್ಲ, ಆದರೆ ಸ್ವಲ್ಪ ಒರಟು. ಇಂಟರ್‌ಫೇಸ್ ಅಂತಲೇ ಬಿಡೋಣ ಅನ್ನುವವರೂ ಇದ್ದಾರೆ, ಆದರೆ ಆ ಪದವನ್ನು ಕಂಪ್ಯೂಟರಿನವರು ಆಗಲೇ ತಮ್ಮದಾಗಿಸಿಕೊಂಡಿದ್ದಾರೆ. ಈ ಬರಹದಲ್ಲಿ ಸದ್ಯಕ್ಕೆ ‘ಗಡಿ’ ಅಂತಲೇ ಮುಂದುವರಿಸುತ್ತೇನೆ.

ಬೆರೆಯುವುದರ ಬಗ್ಗೆ ಚಿಕ್ಕದೊಂದು ಮಾತು. ‘ಕರಗದ ದ್ರವಗಳು’ ಅಂತ ಬರೆಯುವವರಿದ್ದಾರೆ, ಅದು ತಪ್ಪು. ಲೀಟರ್ ನೀರಿನಲ್ಲಿ ನೈಟ್ರೊಬೆಂಜೀನ್ ಸುಮಾರು 2 ಗ್ರಾಮಿನಷ್ಟು ಕರಗುತ್ತದೆ, ಇಂಥ ಪ್ರಯೋಗಗಳಲ್ಲಿ ಬಳಸುವ ಇನ್ನೊಂದು ದ್ರವವಾದ 1,2-ಡೈಕ್ಲೋರೊಈಥೇನ್ 8 ಗ್ರಾಮಿಗಿಂತ ಜಾಸ್ತಿ. ಅಳತೆಗೆ ಮುಂಚೆ ಎರಡನ್ನೂ ಕುಲುಕಿ, ಒಂದಕ್ಕೊಂದು ಎಷ್ಟು ಕರಗಬೇಕೋ ಅಷ್ಟು ಕರಗಲು ಬಿಟ್ಟು ಆಮೇಲೆ ಬಳಸುತ್ತಾರೆ. ಕರಗುವುದು ಬೇರೆ, ಬೆರೆತು ಒಂದಾಗುವುದು ಬೇರೆ. ‘ಬೆರೆಯದ’ ಸರಿಯಾಗಿದೆ, ಅಮಿಶ್ರಣೀಯ ಬೇಡ. ಹಾಗೆಯೇ ಕೆಳಗಿನ ದ್ರವವನ್ನು ‘ಎಣ್ಣೆ’ ಅನ್ನುವುದು. ಪ್ರಯೋಗಾಲಯದ ಮಾತಿನಲ್ಲಿ ಇದು ರೂಢಿ, ಆದರೆ ಕನ್ನಡದಲ್ಲಿ ಎಣ್ಣೆ ಅಂದ ಕೂಡಲೇ ನೀರಿನ ಮೇಲೆ ತೇಲುವುದು ನೆನಪಾಗುತ್ತದೆ. ನೈಟ್ರೊಬೆಂಜೀನಿನ ಸಾಂದ್ರತೆ 1.2, ಡೈಕ್ಲೋರೊಈಥೇನಿನದು 1.25, ಎರಡೂ ಮುಳುಗುತ್ತವೆ. ಅದಕ್ಕಿಂತ ದೊಡ್ಡ ಕಾರಣ, ಅಡುಗೆ ಎಣ್ಣೆಯಲ್ಲಿ ಈ ಪ್ರಯೋಗ ನಡೆಯುವುದೇ ಇಲ್ಲ. ಆವೇಶಗಳ ನಡುವಿನ ಸೆಳೆತವನ್ನು ದ್ರವ ಎಷ್ಟು ಪಟ್ಟು ತಗ್ಗಿಸುತ್ತದೆ ಅನ್ನುವ ಅಳತೆ, ಅಂದರೆ ಅದರ ಸಾಪೇಕ್ಷ ಪರವೈದ್ಯುತಾಂಕ, ಸುಮಾರು 3. ನೀರಿನದು 78, ನೈಟ್ರೊಬೆಂಜೀನಿನದು ಸುಮಾರು 35, ಡೈಕ್ಲೋರೊಈಥೇನಿನದು ಸುಮಾರು 10. ಇಷ್ಟಾದರೂ ಇದ್ದರೆ ತಾನೇ ಉಪ್ಪು ಕರಗಿ ಅಯಾನುಗಳಾಗಿ ಬಿಡಿಯಾಗುವುದು? ನಾನು ‘ಸಾವಯವ ದ್ರವ’ ಅನ್ನುತ್ತೇನೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಪದ: ಧ್ರುವೀಕರಣ.

ಈ ಇಡೀ ವಿಜ್ಞಾನ ನಿಂತಿರುವುದು ಒಂದು ಮಾತಿನ ಮೇಲೆ, ಆ ಗಡಿಯನ್ನು ಧ್ರುವೀಕರಿಸಬಹುದು ಅನ್ನುವುದರ ಮೇಲೆ. ಅರವತ್ತು ವರ್ಷ ಇದು ಹಳೆಯ ಕುತೂಹಲವಾಗಿ ಬಿದ್ದಿತ್ತು. 1960ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಕ್ಲೋಡ್ ಗಾವಾಕ್ ಮತ್ತು ಜೊತೆಗಾರರು, 1970ರ ದಶಕದಲ್ಲಿ ಪ್ರಾಗ್‌ನ ಹೆಯ್ರೊವ್‌ಸ್ಕಿ ಸಂಸ್ಥೆಯಲ್ಲಿ ಯಿರ್ಜಿ ಕೊರಿಟಾ ಮತ್ತು ಜೊತೆಗಾರರು, ಇದನ್ನು ಲೋಹದ ಎಲೆಕ್ಟ್ರೋಡಿನಂತೆಯೇ ವಿಭವ ಕೊಟ್ಟು ಆಳಬಹುದು ಅಂತ ತೋರಿಸಿದ ಮೇಲೆ ಚಿತ್ರವೇ ಬದಲಾಯಿತು. ವಿದ್ಯುತ್ ಹಾಯಿಸಲು ಎರಡು, ವಿಭವ ಅಳೆಯಲು ಗಡಿಯ ಎರಡು ಬದಿಗೆ ಹತ್ತಿರದಲ್ಲಿ ಇನ್ನೆರಡು, ಹೀಗೆ ನಾಲ್ಕು ಎಲೆಕ್ಟ್ರೋಡುಗಳ ವಿಧಾನ ಬೆಳೆದದ್ದು ಆ ಪ್ರಾಗ್ ಗುಂಪಿನಲ್ಲೇ.

ಧ್ರುವೀಕರಿಸಬಹುದು ಅಂದರೆ ಇಲ್ಲಿ ಏನು? ಹೊರಗಿನಿಂದ ವಿಭವ ಬದಲಿಸಿದರೆ ಆ ಗಡಿ ಅದನ್ನು ತಾಳಿಕೊಂಡು ನಿಲ್ಲುತ್ತದೆ, ಹೇಳಿಕೊಳ್ಳುವಂಥ ವಿದ್ಯುತ್ ಹಾಯುವುದಿಲ್ಲ. ಒಂದು ಬದಿಯಲ್ಲಿ ಧನ ಆವೇಶ, ಇನ್ನೊಂದು ಬದಿಯಲ್ಲಿ ಋಣ ಆವೇಶ ಸಾಲುಗಟ್ಟುತ್ತವೆ, ಅಷ್ಟೇ. ಇದು ಸಾಧ್ಯವಾಗುವುದು ನೀರಿನ ಉಪ್ಪಿಗೆ ನೀರೇ ಬಹಳ ಇಷ್ಟ, ಸಾವಯವ ದ್ರವದ ಉಪ್ಪಿಗೆ ಆ ದ್ರವವೇ ಬಹಳ ಇಷ್ಟ ಅನ್ನುವ ಕಾರಣಕ್ಕೆ. ವಿಭವವನ್ನು ಅತಿಯಾಗಿ ಒತ್ತಿದರೆ ಅವೂ ದಾಟತೊಡಗುತ್ತವೆ. ಮೇಲೆ ಹೇಳಿದ ಪಾತ್ರೆಯಲ್ಲಿ ಒಂದು ತುದಿಯಲ್ಲಿ ಟೆಟ್ರಾಫಿನೈಲ್ ಬೋರೇಟ್, ಇನ್ನೊಂದು ತುದಿಯಲ್ಲಿ ಟೆಟ್ರಾಬ್ಯೂಟೈಲ್ ಅಮೋನಿಯಂ ನೀರಿಗೆ ಬಂದುಬಿಡುತ್ತವೆ. ಆ ಎರಡು ತುದಿಗಳ ನಡುವಿನ ಜಾಗವೇ ನಮಗೆ ಸಿಗುವ ‘ಕಿಟಕಿ’. ಇದರ ವಿರುದ್ಧದ್ದೂ ಇದೆ. ಎರಡೂ ದ್ರವಗಳಲ್ಲಿ ಒಂದೇ ಅಯಾನು ಧಾರಾಳವಾಗಿ ಇದ್ದರೆ, ವಿಭವವನ್ನು ಆ ಅಯಾನೇ ತೀರ್ಮಾನಿಸುತ್ತದೆ. ಎರಡು ಕಡೆಯ ಪ್ರಮಾಣದ ಅನುಪಾತ ಹತ್ತು ಪಟ್ಟು ಬದಲಾದರೆ 59 ಮಿಲಿವೋಲ್ಟ್ ಬದಲಾಗುತ್ತದೆ, ಹೊರಗಿನಿಂದ ನಾವು ತಳ್ಳಿದರೆ ವಿದ್ಯುತ್ ಹಾಯುತ್ತದೆಯೇ ಹೊರತು ವಿಭವ ಹೆಚ್ಚು ಕದಲುವುದಿಲ್ಲ.

ಈಗ ಹೇಳಿ, ‘ಧ್ರುವೀಕರಣ’ ಅನ್ನುವ ಪದ ಇದರಲ್ಲಿ ಏನನ್ನು ಹೇಳುತ್ತದೆ? ವಿದ್ಯಾರ್ಥಿ ಅದನ್ನು ಬೆಳಕಿನ ಪಾಠದಲ್ಲಿ ಓದಿದ್ದಾನೆ, ಅಣುವಿನ ಎರಡು ತುದಿಗಳ ಪಾಠದಲ್ಲಿ ಓದಿದ್ದಾನೆ, ಚುನಾವಣೆಯ ಸುದ್ದಿಯಲ್ಲಿ ದಿನಾ ಓದುತ್ತಾನೆ. ಇಲ್ಲಿ ಧ್ರುವ ಯಾವುದು ಅಂತ ಹುಡುಕಿ ಸುಸ್ತಾಗುತ್ತಾನೆ. ನನಗೆ ಹೊಳೆದದ್ದು ‘ವಿಭವ ತಾಳುವ ಗಡಿ’ ಮತ್ತು ‘ವಿಭವ ತಾಳದ ಗಡಿ’. ತಾಳು ಅನ್ನುವುದರಲ್ಲಿ ಒತ್ತಡ ಬಂದರೂ ಬಿಟ್ಟುಕೊಡದೆ ನಿಲ್ಲುವ ಅರ್ಥ ಇದೆ, ಒಂದು ಮಿತಿಯವರೆಗೆ ಮಾತ್ರ ಅನ್ನುವುದೂ ಇದೆ. ತಾಳ್ಮೆಗೂ ಮಿತಿಯಿದೆ ಅನ್ನುತ್ತೇವಲ್ಲ, ಕಿಟಕಿಯ ಎರಡು ತುದಿಗಳೇ ಆ ಮಿತಿ. ಆದರೆ ವಿದ್ಯಾರ್ಥಿ ಮುಂದೆ ದೊಡ್ಡ ಪುಸ್ತಕಗಳಿಗೆ ಹೋದಾಗ ಧ್ರುವೀಕರಣವೇ ಎದುರಾಗುತ್ತದೆ. ಅದನ್ನು ಒಮ್ಮೆ ಹೇಳಿ, ಆಮೇಲೆ ‘ತಾಳುವ’ ಬಳಸಿದರೆ ಸಾಕಾ?

‘ಇಷ್ಟ’ ಅಂದೆನಲ್ಲ, ಅದಕ್ಕೂ ಒಂದು ಪದ ಬೇಕು. ನೀರಿನಿಂದ ನೈಟ್ರೊಬೆಂಜೀನಿಗೆ ಸೋಡಿಯಂ ಅಯಾನನ್ನು ದಾಟಿಸಲು ಮೋಲ್‌ಗೆ ಸುಮಾರು 34 ಕಿಲೊಜೂಲ್ ಬೇಕು. ಇದನ್ನು ಅಯಾನಿನ ಆವೇಶದ ಸಂಖ್ಯೆ ಮತ್ತು ಫ್ಯಾರಡೆ ಸ್ಥಿರಾಂಕದಿಂದ (ಒಂದು ಮೋಲ್ ಎಲೆಕ್ಟ್ರಾನುಗಳ ಒಟ್ಟು ಆವೇಶದ ಪ್ರಮಾಣ) ಭಾಗಿಸಿದರೆ 0.35 ವೋಲ್ಟ್ ಬರುತ್ತದೆ, ಅದೇ ಅದರ ದಾಟುವ ವಿಭವ. ಪೊಟ್ಯಾಸಿಯಂಗೆ ಸುಮಾರು 0.24, ಸೀಸಿಯಂಗೆ ಸುಮಾರು 0.16. ಟೆಟ್ರಾಬ್ಯೂಟೈಲ್ ಅಮೋನಿಯಂಗೆ ಇದು ಸೊನ್ನೆಗಿಂತ ಕೆಳಗೆ, ಸುಮಾರು –0.25, ಅಂದರೆ ಅದು ತಾನಾಗಿಯೇ ನೀರು ಬಿಟ್ಟು ಹೋಗಲು ಸಿದ್ಧ. ಇಂಥ ಅಯಾನುಗಳಿಗೆ ‘ಜಲಭೀತ’ ಅನ್ನುವ ಪದ ಓಡಾಡುತ್ತಿದೆ. ದಯವಿಟ್ಟು ಬೇಡ. ಜಲಭೀತಿ ನಾಯಿ ಕಡಿತದಿಂದ ಬರುವ ರೋಗ. ‘ನೀರೊಲ್ಲದ’ ಅಂದರೆ ಆಗದಾ? ನೀರೊಲ್ಲದ ಅಯಾನು, ನೀರೊಲಿದ ಅಯಾನು. ನನಗೆ ಈ ಜೋಡಿ ತುಂಬಾ ಇಷ್ಟವಾಗಿದೆ. ಜೊತೆಗೆ ಇವು ಇದೆ-ಇಲ್ಲ ಅನ್ನುವ ಗುಣಗಳಲ್ಲ, ಒಂದೇ ಅಳತೆಗೋಲಿನ ಮೇಲೆ ಹೆಚ್ಚು ಕಡಿಮೆ. ಸೋಡಿಯಂಗಿಂತ ಸೀಸಿಯಂಗೆ ನೀರಿನ ಒಲವು ಕಡಿಮೆ ಅನ್ನಬಹುದು, ‘ಭೀತಿ’ಯಲ್ಲಿ ಹಾಗೆ ಹೇಳಲು ಬರುವುದಿಲ್ಲ.

ಕೊನೆಯದು, ನೆರವಿನಿಂದ ದಾಟುವುದು. ಸಾವಯವ ದ್ರವದಲ್ಲಿ ವ್ಯಾಲಿನೋಮೈಸಿನ್ ಅಥವಾ ಕ್ರೌನ್ ಈಥರ್ ಹಾಕಿದರೆ, ಅದು ಪೊಟ್ಯಾಸಿಯಂ ಅಯಾನನ್ನು ತನ್ನ ಉಂಗುರದೊಳಗೆ ಕೂರಿಸಿಕೊಳ್ಳುತ್ತದೆ. ಆಗ ಕಡಿಮೆ ವಿಭವದಲ್ಲೇ ಪೊಟ್ಯಾಸಿಯಂ ದಾಟುತ್ತದೆ, ದೋಣಿ ಸಿಕ್ಕರೆ ಹೊಳೆ ದಾಟುವುದು ಸುಲಭವಾದ ಹಾಗೆ. ವ್ಯಾಲಿನೋಮೈಸಿನ್ ಸೋಡಿಯಂ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವಷ್ಟು ಆಯ್ಕೆ ಅದರದು. ಈ ಅಣುವಿಗೆ ‘ಅಯಾನುವಾಹಕ’ ಅಂತ ಬರೆದಿದ್ದೆ, ಆದರೆ ವಾಹಕ ಅಂದರೆ ವಿದ್ಯುತ್ ಹರಿಯಲು ಬಿಡುವ ವಸ್ತು ಅಂತ ಆಗಲೇ ನೆಲೆಯೂರಿದೆ, ಅಯಾನುಗಳ ಮೂಲಕ ವಿದ್ಯುತ್ ಸಾಗಿಸುವ ವಸ್ತು ಅಂತ ಓದಿಕೊಳ್ಳುತ್ತಾರೆ. ‘ಅಯಾನು ಹಿಡಿಕ’ ಅನ್ನಲಾ? ಹಿಡಿಯುವುದೇ ಅದರ ಮುಖ್ಯ ಕೆಲಸ. ಕೆಲವು ಸಲ ಗಡಿಯಲ್ಲೇ ಹಿಡಿಯುತ್ತದೆ, ಕೆಲವು ಸಲ ತಾನೇ ನೀರಿಗೆ ಹೋಗಿ ಹಿಡಿದು ತರುತ್ತದೆ, ಕೆಲವು ಸಲ ಅಯಾನು ದಾಟಿ ಬಂದ ಮೇಲೆ ಹಿಡಿಯುತ್ತದೆ. ಮೂರಕ್ಕೂ ಈ ಪದ ಹೊಂದುತ್ತದೆ.

ಇದೆಲ್ಲ ಬರೀ ಪ್ರಯೋಗಾಲಯದ ಮಾತಲ್ಲ ಅಂತಲೂ ಬರಹದಲ್ಲಿ ಹೇಳುತ್ತಿದ್ದೇನೆ. ನರಗಳ ಸಂದೇಶಕ್ಕೆ ಬೇಕಾದ ಅಸಿಟೈಲ್‌ಕೋಲೀನ್ ಸಾಮಾನ್ಯ ಎಲೆಕ್ಟ್ರೋಡಿನಲ್ಲಿ ಸುಲಭವಾಗಿ ಎಲೆಕ್ಟ್ರಾನ್ ಕೊಡುವುದಿಲ್ಲ, ಹಾಗಾಗಿ ಆ ದಾರಿಯಲ್ಲಿ ಅದನ್ನು ನೇರವಾಗಿ ಪತ್ತೆ ಹಚ್ಚುವುದು ಕಷ್ಟ. ಆದರೆ ಅದು ಧನ ಅಯಾನು, ಗಡಿಯನ್ನು ದಾಟುತ್ತದೆ, ದಾಟುವಾಗ ವಿದ್ಯುತ್ ಕೊಡುತ್ತದೆ. ಔಷಧಿಯ ಎಷ್ಟೋ ಅಣುಗಳೂ ನೀರಿನಲ್ಲಿ ಅಯಾನುಗಳೇ, ಅವು ನೀರು ಬಿಟ್ಟು ಕೊಬ್ಬಿನಂಥ ಜಾಗಕ್ಕೆ ಎಷ್ಟು ಸುಲಭವಾಗಿ ಹೋಗುತ್ತವೆ ಅನ್ನುವುದನ್ನು ಹೀಗೆ ಅಳೆಯುತ್ತಾರೆ. ಎಲೆಕ್ಟ್ರಾನ್ ಕೈಬದಲಾಗದೆ ವಿದ್ಯುತ್ ಹೇಗೆ ಬಂತು ಅಂತ ವಿದ್ಯಾರ್ಥಿ ಕೇಳುವ ಜಾಗವೇ ಇದು. ಅಲ್ಲಿ ‘ವರ್ಗಾವಣೆ’ ಅಂತ ಬರೆದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಹಾಗಾಗಿ ನಿಮ್ಮನ್ನು ಕೇಳುವುದು: ‘ದಾಟು’ವನ್ನು ನಾಮಪದ ಮಾಡುವಾಗ ‘ದಾಟುವಿಕೆ’ ಸ್ವಲ್ಪ ಉದ್ದ, ಶೀರ್ಷಿಕೆಗಳಲ್ಲಿ ತೂಕ ಜಾಸ್ತಿಯಾಗುತ್ತದೆ. ‘ಅಯಾನು ದಾಟು’ ಅಂತ ಧಾತುವನ್ನೇ ನಾಮಪದವಾಗಿ ಬಳಸಿದರೆ, ಓಟ ಆಟಗಳಂತೆ ಅಲ್ಲದಿದ್ದರೂ, ಕಿವಿ ಒಪ್ಪುತ್ತದೆಯಾ? ‘ದಾಟಿಕೆ’ ಅನ್ನುವ ರೂಪ ನಿಮ್ಮ ಕಡೆಯ ಮಾತಿನಲ್ಲಿ ಎಲ್ಲಾದರೂ ಇದೆಯಾ? ಗಡಿಗೆ ನಡುಮೈ, ಗಡಿಮೈ ಎರಡರಲ್ಲಿ ಯಾವುದಾದರೂ ಅಚ್ಚಾದ ಪುಸ್ತಕದಲ್ಲಿ ಸಿಕ್ಕಿದ್ದರೆ ಆ ವಾಕ್ಯವನ್ನೇ ಹಾಕಿ, ಪದದ ಜೊತೆ ಬಳಕೆಯನ್ನೂ ನೋಡಬೇಕು. ‘ವಿಭವ ತಾಳುವ’ ಅನ್ನುವುದಕ್ಕೆ ಆಕ್ಷೇಪ ಇದ್ದರಂತೂ ಖಂಡಿತ ಬರೆಯಿರಿ, ಅದೊಂದು ಇತ್ಯರ್ಥವಾಗದೆ ನಾಲ್ಕನೆಯ ಅಧ್ಯಾಯ ಶುರು ಮಾಡಲು ಆಗುತ್ತಿಲ್ಲ.